87ನೇ ಕ್ಯಾಸೆಟ್

ಧಾರವಾಡದ ಮನೆ ಮಾರಿದಾಗ ಪುಣೆಗೆ ಬಂದ ಸಾಮಾನಿನಲ್ಲಿ ಎರಡು ಕಬ್ಬಿಣದ ಟ್ರಂಕುಗಳಿದ್ದವು. ಒಂದರಲ್ಲಿ ಅವ್ವನ ಹಿತ್ತಾಳೆ ಪಾತ್ರೆಗಳು, ಇನ್ನೊಂದರಲ್ಲಿ ಅಪ್ಪನ ಕ್ಯಾಸೆಟ್ಟುಗಳು. ಪಾತ್ರೆಗಳು ಅಡುಗೆಮನೆಯ ಅಟ್ಟ ಸೇರಿದವು. ಕ್ಯಾಸೆಟ್ಟಿನ ಟ್ರಂಕು ಎರಡು ವರ್ಷ ನನ್ನ ಮಂಚದ ಕೆಳಗೇ ಇತ್ತು. ಅಪ್ಪ ತೀರಿಕೊಂಡದ್ದು 2016ರಲ್ಲಿ. ಆ ಟ್ರಂಕಿನ ಮುಚ್ಚಳ ತೆಗೆದರೆ ಬರುವ ವಾಸನೆಗೆ ನಾನು ತಯಾರಿರಲಿಲ್ಲ ಎಂದು ಹೇಳಬಹುದು. ನಿಜ ಹೇಳಬೇಕೆಂದರೆ ಆಲಸ್ಯವೂ ಇತ್ತು.

ಕಳೆದ ದೀಪಾವಳಿಯ ರಜೆಯಲ್ಲಿ ಕೊನೆಗೂ ಟ್ರಂಕು ತೆರೆದು ಎಣಿಸಿದೆ. 214 ಕ್ಯಾಸೆಟ್ಟುಗಳು, ಹೆಚ್ಚಿನವು 90 ನಿಮಿಷದವು. ಇವನ್ನೆಲ್ಲ ಡಿಜಿಟಲ್ ಮಾಡಿ ಮನೆಯಲ್ಲೇ ಒಂದು ಮ್ಯೂಸಿಕ್ ಸರ್ವರ್ ಕೂರಿಸುವುದು ನನ್ನ ಯೋಜನೆ. ಹಾಗೆ ಮಾಡಿದರೆ ಮುಂಬೈಯಲ್ಲಿರುವ ಮಾವ, ಹೈದರಾಬಾದಿನ ಚಿಕ್ಕಪ್ಪನ ಮಕ್ಕಳು, ಹುಬ್ಬಳ್ಳಿಯ ಅತ್ತೆ, ಹೀಗೆ ನಮ್ಮ ಬಳಗದ ಹದಿನಾಲ್ಕು ಜನ ತಮ್ಮ ತಮ್ಮ ಫೋನಿನಲ್ಲಿ ಅಪ್ಪನ ಸಂಗ್ರಹ ಕೇಳಬಹುದಿತ್ತು. ಹಗಲೆಲ್ಲ ಬೇರೆಯವರ ಪ್ರಾಜೆಕ್ಟು ನಡೆಸುವ ನನಗೆ ಇದು ನನ್ನದೇ ಪ್ರಾಜೆಕ್ಟು ಅನ್ನಿಸಿತ್ತು.

ಕೆಲಸದ ವಿವರವನ್ನು ಸ್ವಲ್ಪ ಹೇಳಬೇಕು, ಮುಂದಿನ ಮಾತಿಗೆ ಅದು ಬೇಕಾಗುತ್ತದೆ. ಜೂನಾ ಬಾಜಾರಿನಲ್ಲಿ ಹಳೆಯ ಕ್ಯಾಸೆಟ್ ಡೆಕ್ ಒಂದು ಸಿಕ್ಕಿತು. ಅದರ ರಬ್ಬರ್ ಬೆಲ್ಟ್ ಕರಗಿ ಅಂಟಾಗಿತ್ತು, ಅದನ್ನು ಬದಲಾಯಿಸಿದೆ. ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಡೆಕ್ಕಿನಿಂದ ಒಂದು ಸೌಂಡ್ ಕಾರ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ ವೈರು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ ಫ್ಲ್ಯಾಕ್ ರೂಪದಲ್ಲಿ ಉಳಿಸುವುದು. ಎಂಪಿ3 ಮಾಡಿದರೆ ಕಡತ ಚಿಕ್ಕದಾಗುತ್ತದೆ, ಆದರೆ ಧ್ವನಿಯ ಒಂದಷ್ಟು ಅಂಶ ಶಾಶ್ವತವಾಗಿ ಹೋಗುತ್ತದೆ. ಫ್ಲ್ಯಾಕ್‌ನಲ್ಲಿ ಏನೂ ಹೋಗುವುದಿಲ್ಲ. ಸಿ.ಡಿ. ಗುಣಮಟ್ಟದಲ್ಲಿ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ಬೇಕು, ಫ್ಲ್ಯಾಕ್ ಮಾಡಿದರೆ ಅದಕ್ಕಿಂತ ಸಾಕಷ್ಟು ಕಡಿಮೆ. ಇಡೀ ಟ್ರಂಕು ಇವತ್ತಿನ ಒಂದು ಸಾಧಾರಣ ಹಾರ್ಡ್ ಡಿಸ್ಕಿನ ಮೂಲೆಯಲ್ಲಿ ಕೂತುಬಿಡುತ್ತದೆ.

ಆದರೆ ಕ್ಯಾಸೆಟ್ಟಿಗೆ ಅವಸರವಿಲ್ಲ. 90 ನಿಮಿಷದ್ದನ್ನು ತುಂಬಿಸಲು 90 ನಿಮಿಷವೇ ಬೇಕು. ಒಟ್ಟು ಸುಮಾರು 300 ಗಂಟೆ. ಹಗಲು ನನ್ನ ಮೀಟಿಂಗುಗಳು ಒಂದು ಕಡೆ ನಡೆಯುತ್ತಿದ್ದರೆ ಪಕ್ಕದಲ್ಲಿ ಡೆಕ್ಕು ಸದ್ದಿಲ್ಲದೆ ತಿರುಗುತ್ತಿತ್ತು. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅಲ್ಲಲ್ಲಿ ಕೇಳಿ, ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಹೆಸರು, ರಾಗ, ಸ್ಥಳ, ವರ್ಷ ತುಂಬುತ್ತಿದ್ದೆ. ಸರ್ವರಿಗೆ ಜೆಲ್ಲಿಫಿನ್ ಎಂಬ ಮುಕ್ತ ತಂತ್ರಾಂಶ ಆರಿಸಿಕೊಂಡಿದ್ದೆ. ಹಳೆಯ ಲ್ಯಾಪ್‌ಟಾಪೊಂದರ ಮೇಲೆ ಅದು ಚೆನ್ನಾಗಿಯೇ ಓಡುತ್ತದೆ.

ವಿವರ ತುಂಬುವುದು ಸುಲಭವಾಗಿತ್ತು, ಏಕೆಂದರೆ ಅಪ್ಪ ಬ್ಯಾಂಕಿನ ಗುಮಾಸ್ತರಾಗಿದ್ದರು. ಪ್ರತಿ ಕ್ಯಾಸೆಟ್ಟಿಗೂ ನಂಬರು. ಕವರಿನ ಒಳಗೆ ನೀಲಿ ಶಾಯಿಯಲ್ಲಿ ಗಾಯಕರ ಹೆಸರು, ರಾಗ, ತಬಲಾ ಸಾಥಿ, ಹಾರ್ಮೋನಿಯಂ ಸಾಥಿ, ಊರು, ತಾರೀಖು. ಜೊತೆಗೆ ಒಂದು ಉದ್ದನೆಯ ವಹಿ. ಯಾರು ಯಾವ ಕ್ಯಾಸೆಟ್ಟು ಒಯ್ದರು, ಎಂದು ತಂದುಕೊಟ್ಟರು ಎಂಬ ಲೆಕ್ಕ. ಧಾರವಾಡದಲ್ಲಿ ಹಾಡು ಕೇಳುವವರಿಗೇನು ಬರವೇ? ಡಾಕ್ಟರು, ಮಾಸ್ತರರು, ಟೇಲರು, ಎಲ್ಲರೂ ನಮ್ಮ ಮನೆಯಿಂದ ಕ್ಯಾಸೆಟ್ಟು ಒಯ್ಯುತ್ತಿದ್ದರು. ಅಪ್ಪ ಇಲ್ಲವೆಂದದ್ದು ನನಗೆ ನೆನಪಿಲ್ಲ.

87ನೇ ಕ್ಯಾಸೆಟ್ಟಿಗೆ ಬಂದಾಗ ನಿಂತೆ. ಅದರ ಕವರಿನ ಮೇಲೆ ‘ಮನೆ. 1983’ ಎಂದಷ್ಟೇ ಇತ್ತು. ಹೆಸರಿಲ್ಲ, ರಾಗವಿಲ್ಲ. ವಹಿ ತೆಗೆದು ನೋಡಿದೆ. 86 ಹನ್ನೊಂದು ಸಲ ಹೊರಗೆ ಹೋಗಿ ಬಂದಿತ್ತು, 88 ಏಳು ಸಲ. 87 ಒಂದು ಸಲವೂ ಹೋಗಿರಲಿಲ್ಲ.

ಅಂದು ರಾತ್ರಿ ಪೂರ್ತಿ ಕೇಳಿದೆ. ನಮ್ಮ ಧಾರವಾಡದ ಮನೆಯ ಪಡಸಾಲೆ. ತಂಬೂರಿ ಶ್ರುತಿ ಆಗುತ್ತಿದೆ. ಯಾರೋ ಕೆಮ್ಮುತ್ತಾರೆ. ಆಮೇಲೆ ಒಬ್ಬ ಗಾಯಕರ ಮಾತು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ರಾಗದ ಹೆಸರನ್ನೂ ಬರೆಯುವುದಿಲ್ಲ, ಗೊತ್ತಿದ್ದವರಿಗೆ ಅಷ್ಟೇ ಸುಳಿವು ಸಾಕಾಗುತ್ತದೆ. ಅವರು ಈಗ ಇಲ್ಲ.

“ಮಷೀನ್ ಬಂದ್ ಮಾಡ್ರಿ. ಈ ರಾಗ ಇನ್ನೂ ನನಗ ಒಲದಿಲ್ಲ. ಇವತ್ತ ನಿಮ್ಮ ಮುಂದ ಕೂತು ಹುಡುಕಾಂವ ಅದೀನಿ. ಹುಡುಕೂದನ್ನ ತುಂಬಿ ಇಟ್ಟಕೊಳ್ಳಬ್ಯಾಡ್ರಿ.”

“ಆತ್ರಿ, ಬಂದ್ ಮಾಡೇನ್ರಿ.” ಇದು ಅಪ್ಪನ ದನಿ. ನನಗಿಂತ ಚಿಕ್ಕ ವಯಸ್ಸಿನ ಅಪ್ಪ.

ಟಕ್ ಎಂದು ಗುಂಡಿ ಒತ್ತಿದ ಸದ್ದು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮರುಕ್ಷಣವೇ ಇನ್ನೊಂದು ಟಕ್, ನಡುವಿನಿಂದ ಶುರುವಾದ ಆಲಾಪ, ಮತ್ತು ಸುಮಾರು 70 ನಿಮಿಷದ ಗಾಯನ.

ಎಂಥ ಗಾಯನ ಅದು! ಎರಡು ರಾಗಗಳು ಕೂಡಿದ ಜೋಡು ರಾಗ. ಅವರು ಒಂದು ಸ್ವರದ ಹತ್ತಿರ ಹೋಗುತ್ತಾರೆ, ದಾರಿ ತಪ್ಪುತ್ತದೆ, ನಿಲ್ಲಿಸುತ್ತಾರೆ, ‘ಇಲ್ಲ’ ಎನ್ನುತ್ತಾರೆ, ಮತ್ತೆ ಹಿಂದೆ ಬಂದು ಬೇರೆ ಕಡೆಯಿಂದ ಹೋಗುತ್ತಾರೆ. ಒಂದೆಡೆ ತಮಗೆ ತಾವೇ ನಗುತ್ತಾರೆ. ಸುಮಾರು ಮುಕ್ಕಾಲು ಗಂಟೆ ಕಳೆದ ಮೇಲೆ ದಾರಿ ಸಿಗುತ್ತದೆ. ಸಿಕ್ಕಿದ್ದು ನನ್ನಂಥ ಅರೆಬರೆ ಕೇಳುಗನಿಗೂ ಗೊತ್ತಾಗುತ್ತದೆ, ಏಕೆಂದರೆ ಪಡಸಾಲೆಯಲ್ಲಿದ್ದ ಅಷ್ಟೂ ಜನ ಒಮ್ಮೆಲೇ ಉಸಿರು ಬಿಡುತ್ತಾರೆ. ಇದೇ ಗಾಯಕರ ಮಾರಾಟದ ಕ್ಯಾಸೆಟ್ಟುಗಳು ನಮ್ಮಲ್ಲಿವೆ. ಅವು ಚೆನ್ನಾಗಿವೆ. ಆದರೆ ಅವುಗಳಲ್ಲಿ ಈ ಮನುಷ್ಯ ಇಲ್ಲ.

ಕೇಳಿ ಮುಗಿಸಿದಾಗ ರಾತ್ರಿ ಒಂದೂವರೆ. ಸಂತೋಷದ ಹಿಂದೆಯೇ ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು. ಅಪ್ಪ ‘ಬಂದ್ ಮಾಡೇನ್ರಿ’ ಎಂದು ಹೇಳಿ ಮಾಡಿರಲಿಲ್ಲ. ಬ್ಯಾಂಕಿನ ಪೆನ್ನನ್ನು ಮನೆಗೆ ತಂದರೆ ಮರುದಿನ ಒಯ್ದು ಇಡುತ್ತಿದ್ದ ಮನುಷ್ಯ. ಕವರಿನ ಮೇಲೆ ಹೆಸರು ಬರೆಯದೇ ಇದ್ದದ್ದು, ಯಾರಿಗೂ ಕೊಡದೇ ಇದ್ದದ್ದು, ಎಲ್ಲಕ್ಕೂ ಅರ್ಥ ಸಿಕ್ಕಿತು ಅಂದುಕೊಂಡೆ. ಒಂದು ವಾರ ಆ ಕಡತವನ್ನು ಸರ್ವರಿಗೆ ಹಾಕಲಿಲ್ಲ, ಅಳಿಸಲೂ ಇಲ್ಲ. ಅಪ್ಪನ ಫೋಟೋದ ಮುಂದೆ ಹಾದುಹೋಗುವಾಗ ಕಣ್ಣು ತಪ್ಪಿಸಿದೆ ಎಂದರೆ ನಗಬೇಡಿ.

ಕೊನೆಗೆ ಅವ್ವನನ್ನು ಕೇಳಿದೆ. ಆಕೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಫೋನಿನಲ್ಲಿ ಮೊದಲ ಎರಡು ನಿಮಿಷ ಕೇಳಿಸಿದೆ. ಎರಡನೆಯ ಟಕ್ ಬರುತ್ತಲೇ ಆಕೆಯ ಕೈ ನಿಂತಿತು.

“ಇದನ್ನ ನಿಮ್ಮಪ್ಪ ಚಾಲೂ ಮಾಡಿಲ್ಲೋ. ನಾ ಮಾಡಿದ್ದು.”

ಟೇಪ್ ರೆಕಾರ್ಡರು ಪಡಸಾಲೆಗೂ ನಡುಮನೆಗೂ ನಡುವಿನ ಬಾಗಿಲ ಹತ್ತಿರ ಸ್ಟೂಲಿನ ಮೇಲಿತ್ತಂತೆ, ಪ್ಲಗ್ಗು ಅಲ್ಲೇ ಇದ್ದದ್ದರಿಂದ. ಅಪ್ಪ ಬಂದ್ ಮಾಡಿ ಹೋಗಿ ತಮ್ಮ ಜಾಗದಲ್ಲಿ ಕೂತರು. ಅವ್ವ ಒಳಗಿನಿಂದ ಕೈ ಚಾಚಿ ಎರಡು ಗುಂಡಿ ಒತ್ತಿದಳು.

“ಅವರು ಬ್ಯಾಡ ಅಂದಿದ್ದು ನಿನಗ ಕೇಳಿಸಿರಲಿಲ್ಲೇನು?”

“ಕೇಳಿಸಿತ್ತು. ಹೊರಗ ಕೂತವರಿಗೆ ಅಂದಾರ ಅಂತ ತಿಳಕೊಂಡೆ.” ಮತ್ತೆ ಒಂದು ಕಾಯಿ ಸುಲಿದಳು. “ಮೂವತ್ತು ಮಂದಿ. ಎರಡು ಸಲ ಚಹಾ, ಆಮ್ಯಾಲೆ ಊಟ. ಒಳಗ ಸ್ಟೋವಿನ ಸಪ್ಪಳ. ನಮ್ಮನಿಯಾಗ ಹಾಡಿದ್ದು ನನಗೊಬ್ಬಾಕಿಗೆ ಬಿಟ್ಟು ಎಲ್ಲಾರಿಗೂ ಕೇಳಿಸಿತು. ನಾ ಯಾವಾಗ ಕೇಳಬೇಕಿತ್ತು?”

“ಅಪ್ಪಗ ಗೊತ್ತಾತೇನು?”

“ಮರುದಿನ ಗೊತ್ತಾತು. ಒಂದು ವಾರ ನನ್ನ ಕೂಡ ಮಾತಾಡಲಿಲ್ಲ. ಆಮ್ಯಾಲೆ ಒಂದಿನ ತಾವ ಹಚ್ಚಿ ಕೇಳಿದ್ರು. ಯಾರಿಗೂ ಕೊಡಬಾರದು ಅಂದ್ರು. ಹೂಂ ಅಂದೆ.”

ಹೀಗೆ ಅಪ್ಪನ ಮೇಲಿನ ಆಪಾದನೆ ಬಿದ್ದುಹೋಯಿತು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಆ ಕಡತವನ್ನು ಏನು ಮಾಡುವುದು?

ಮೊದಲು ಕಾಯ್ದೆಯ ಮಾತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ ‘ಪ್ರದರ್ಶಕರ ಹಕ್ಕು’ ಎಂಬುದು ಸೇರಿದ್ದು 1994ರ ತಿದ್ದುಪಡಿಯಿಂದ. 1983ರಲ್ಲಿ ಆ ಹೆಸರಿನ ಹಕ್ಕು ಕಾಯ್ದೆಯಲ್ಲಿ ಇರಲಿಲ್ಲ. ಈಗಲೂ ಸ್ವಂತದ ಬಳಕೆಗಾಗಿ ಮಾಡಿಕೊಂಡ ಮುದ್ರಣವನ್ನು 39ನೇ ಕಲಮು ಆ ಹಕ್ಕಿನ ಉಲ್ಲಂಘನೆ ಎಂದು ಎಣಿಸುವುದಿಲ್ಲ. ಅಂದರೆ ಕಾಯ್ದೆ ಅವ್ವನನ್ನು ಹಿಡಿಯುವುದಿಲ್ಲ. ಆದರೆ ನನ್ನನ್ನು ನಿಲ್ಲಿಸಿದ್ದು ಕಾಯ್ದೆಯಲ್ಲ. ಒಬ್ಬ ಮನುಷ್ಯ ನಮ್ಮ ಮನೆಯಲ್ಲಿ ಕೂತು ಒಂದು ಮಾತು ಕೇಳಿಕೊಂಡಿದ್ದರು, ಮನೆಯ ಯಜಮಾನರು ಆಯಿತು ಎಂದಿದ್ದರು.

ಅವರು ಯಾಕೆ ಬೇಡವೆಂದರು ಎಂಬುದು ನನ್ನ ಆಫೀಸಿನ ಕೆಲಸದಿಂದ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಈಗ ಬಹುತೇಕ ಎಲ್ಲ ಮೀಟಿಂಗುಗಳೂ ರೆಕಾರ್ಡ್ ಆಗುತ್ತವೆ. ‘ರೆಕಾರ್ಡಿಂಗ್ ಶುರುವಾಗಿದೆ’ ಎಂಬ ಸೂಚನೆ ಬಂದಕೂಡಲೇ ಜನರ ಮಾತು ಇಸ್ತ್ರಿ ಮಾಡಿದಂತಾಗುತ್ತದೆ. ಹಿಂದೊಮ್ಮೆ ನಮ್ಮ ಒಂದು ಬಿಡುಗಡೆ ಮೂರು ವಾರ ತಡವಾಯಿತು. ಕಾರಣ ಹುಡುಕಲು ಒಂದು ಗಂಟೆಯ ಮೀಟಿಂಗು ಆಯಿತು, ಎಲ್ಲರೂ ಸಭ್ಯವಾಗಿ ಮಾತಾಡಿದರು, ಏನೂ ತಿಳಿಯಲಿಲ್ಲ. ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ತಂಡದ ಅತಿ ಕಿರಿಯ ಹುಡುಗಿ, “ಸರ್, ನನಗೆ ಆ ಭಾಗ ಅರ್ಥವೇ ಆಗಿರಲಿಲ್ಲ, ಕೇಳಲು ನಾಚಿಕೆಯಾಯಿತು” ಅಂದಳು. ಆ ಒಂದು ಮಾತು ಇಡೀ ಗಂಟೆಗಿಂತ ಉಪಯೋಗಕ್ಕೆ ಬಂತು. ಅದು ರೆಕಾರ್ಡಿನಲ್ಲಿ ಇಲ್ಲ. ರೆಕಾರ್ಡ್ ಆಗುತ್ತಿದ್ದರೆ ಅದು ಹುಟ್ಟುತ್ತಲೂ ಇರಲಿಲ್ಲ.

ಗಾಯಕರು ಕೇಳಿದ್ದು ಇದನ್ನೇ. ತಪ್ಪುವ ಅವಕಾಶ. ನಾಳೆ ಯಾರೋ ಇದನ್ನು ಹಿಡಿದು ‘ನೋಡಿ, ಇಲ್ಲಿ ದಾರಿ ತಪ್ಪಿದರು’ ಎಂದು ತೋರಿಸುವುದಿಲ್ಲ ಎಂಬ ಭರವಸೆ. ಆ ಭರವಸೆ ಸಿಕ್ಕಿದ್ದರಿಂದಲೇ ಅವರು ಹಾಗೆ ಹಾಡಿದರು. ಇದರಲ್ಲಿರುವ ತೊಡಕನ್ನು ಗಮನಿಸಿ. ಈ ಮುದ್ರಣಕ್ಕೆ ಇಷ್ಟು ಬೆಲೆ ಬಂದಿರುವುದು ಇದು ಮುದ್ರಣವಾಗುತ್ತಿಲ್ಲ ಎಂದು ಹಾಡಿದವರು ನಂಬಿದ್ದರಿಂದ. ನಾನು ಮೆಚ್ಚಿ ತಲೆದೂಗಿದ ಪ್ರತಿ ನಿಮಿಷವೂ ಒಂದು ಮಾತನ್ನು ಮುರಿದು ಸಿಕ್ಕಿದ್ದು. ಮಾತು ಉಳಿಸಿಕೊಂಡಿದ್ದರೆ ನನ್ನ ಕೈಗೆ ಏನೂ ಬರುತ್ತಿರಲಿಲ್ಲ. ಮಾತೇ ಕೊಡದಿದ್ದರೆ ಈ ಹಾಡೇ ಇರುತ್ತಿರಲಿಲ್ಲ.

ಮುಂಬೈಯ ಮಾವನಿಗೆ ಅವ್ವ ಫೋನಿನಲ್ಲಿ ವಿಷಯ ಹೇಳಿಬಿಟ್ಟಳು. ಆತ ಸಂಗೀತದ ಹುಚ್ಚು ಹಿಡಿದ ಮನುಷ್ಯ. ಅಂದೇ ಸಂಜೆ ನನಗೆ ಫೋನು. “ಹಾಕೋ ಅದನ್ನ ಎಲ್ಲಾರಿಗೂ ಕೇಳೂ ಹಂಗ. ಮುಚ್ಚಿಟ್ಟರ ನೀನ ಕಳ್ಳ. ಎಷ್ಟು ಮಂದಿ ಉಸ್ತಾದರು ಚೀಜುಗಳನ್ನ ಮುಚ್ಚಿಟ್ಟು ತಮ್ಮ ಕೂಡ ಗೋರಿಗೆ ಒಯ್ದರು, ಗೊತ್ತೈತೇನು? ಭಾತಖಂಡೆಯವರು ಹಿಂಗ ಸಂಕೋಚ ಮಾಡ್ಕೋತ ಕೂತಿದ್ದರ ಇವತ್ತ ಏನು ಉಳೀತಿತ್ತು?”

ಈ ವಾದ ಹಗುರವಲ್ಲ. ವಿಷ್ಣು ನಾರಾಯಣ ಭಾತಖಂಡೆ ಊರೂರು ಅಲೆದು, ಘರಾಣೆಗಳ ಒಳಗೇ ಕಾಪಿಟ್ಟಿದ್ದ ಚೀಜುಗಳನ್ನು ಬೇಡಿ, ಕಾಡಿ ಸಂಗ್ರಹಿಸಿ, ಸ್ವರಲಿಪಿ ಹಾಕಿ ಆರು ಭಾಗಗಳ ‘ಕ್ರಮಿಕ ಪುಸ್ತಕ ಮಾಲಿಕೆ’ಯಾಗಿ ಪ್ರಕಟಿಸಿದರು. ಇಂದು ಹಿಂದುಸ್ತಾನಿ ಕಲಿಯುವ ಮಗು ಎಲ್ಲೇ ಇರಲಿ, ಆ ಋಣದಲ್ಲಿದೆ. ಮುಚ್ಚಿಟ್ಟ ಸಂಗೀತ ಸಾಯುತ್ತದೆ ಎಂಬುದು ಸುಳ್ಳಲ್ಲ.

ನಾನೇನೂ ಶುದ್ಧನಲ್ಲ ಎಂಬುದನ್ನೂ ಹೇಳಬೇಕು. ಅನ್ನಪೂರ್ಣಾ ದೇವಿ ದಶಕಗಳ ಕಾಲ ವೇದಿಕೆಯಿಂದ ದೂರ ಉಳಿದರು. 2018ರಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಅವರ ಸುರಬಹಾರ್ ಇಂದು ನಮಗೆ ಕೇಳಸಿಗುವುದು ಬೆರಳೆಣಿಕೆಯ ಹಳೆಯ ಮುದ್ರಣಗಳಲ್ಲಿ, ಕೈಯಿಂದ ಕೈಗೆ ದಾಟಿ ಬಂದವುಗಳಲ್ಲಿ. ಅವನ್ನು ನಾನು ಕೇಳಿದ್ದೇನೆ, ಮತ್ತೆ ಮತ್ತೆ ಕೇಳಿದ್ದೇನೆ. ಅವರು ಒಪ್ಪಿದ್ದರೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಬೇರೆಯವರ ಮನೆಯಲ್ಲಿ ಮುರಿದ ಮಾತಿನ ಫಲ ಸವಿಯುವುದು ಸುಲಭ, ಏಕೆಂದರೆ ಮುರಿಯುವ ‘ಟಕ್’ ಸದ್ದು ನಮಗೆ ಕೇಳಿಸಿರುವುದಿಲ್ಲ.

ಆದರೂ ಮಾವನ ವಾದದಲ್ಲಿ ಒಂದು ಕೊಂಡಿ ತಪ್ಪಿದೆ ಅನ್ನಿಸಿತು. ಭಾತಖಂಡೆ ಉಳಿಸಿದ್ದು ಚೀಜುಗಳನ್ನು. ಚೀಜು ಒಬ್ಬರದಲ್ಲ. ಗುರುವಿಗೆ ಅವರ ಗುರುವಿನಿಂದ ಬಂದದ್ದು, ಅವರು ಮುಂದಿನವರಿಗೆ ದಾಟಿಸಬೇಕಾದದ್ದು. ಅದನ್ನು ಬಚ್ಚಿಟ್ಟವರು ತಮ್ಮದಲ್ಲದ್ದನ್ನು ಬಚ್ಚಿಟ್ಟರು ಎನ್ನಬಹುದು. ನಮ್ಮ ಗಾಯಕರು ಬಚ್ಚಿಟ್ಟದ್ದು ಚೀಜಲ್ಲ, ರಾಗವೂ ಅಲ್ಲ. ಆ ರಾಗವನ್ನು ಬೇರೆಯವರು ಹಾಡಿದ್ದಾರೆ, ಪುಸ್ತಕಗಳಲ್ಲೂ ಇದೆ. ಇವರು ಬೇಡವೆಂದದ್ದು ತಮ್ಮ ತಡವರಿಕೆಯನ್ನು ಮಾತ್ರ. ಪರಂಪರೆಯ ಆಸ್ತಿ ಎಂಬ ಹೆಸರಿನಲ್ಲಿ ಒಬ್ಬ ಮನುಷ್ಯನ ತಡವರಿಕೆಯನ್ನು ಕಿತ್ತುಕೊಳ್ಳಬಹುದೇ?

ಇನ್ನೊಂದು ವಾದ ನನ್ನದೇ ಮನಸ್ಸು ತಂದದ್ದು. ಅವರು ತೀರಿಕೊಂಡಿದ್ದಾರೆ, ಇನ್ನು ಅವರಿಗೆ ನೋವಾಗುವುದೆಲ್ಲಿ? ಇದಕ್ಕೆ ನನ್ನ ಬಳಿ ತತ್ವಶಾಸ್ತ್ರದ ದೊಡ್ಡ ಉತ್ತರವಿಲ್ಲ. ಸಣ್ಣ ಉತ್ತರವಿದೆ. ಸತ್ತವರಿಗೆ ಕೊಟ್ಟ ಮಾತಿಗೆ ಕಾವಲುಗಾರರಿಲ್ಲ, ಆದ್ದರಿಂದಲೇ ಬದುಕಿರುವವರು ಅದನ್ನು ನೋಡುತ್ತಾರೆ. ‘ಇದು ನಮ್ಮಲ್ಲೇ ಇರಲಿ’ ಎಂದು ನಾಳೆ ಯಾರಾದರೂ ನನ್ನ ಮುಂದೆ ಬಾಯಿ ಬಿಡಬೇಕಾದರೆ, ‘ನಾನು ಹೋದ ಮೇಲೂ’ ಎಂಬುದು ಅದರಲ್ಲಿ ಸೇರಿಯೇ ಇರುತ್ತದೆ. ಇಲ್ಲವಾದರೆ ಎಲ್ಲರೂ ಜೀವನಪೂರ್ತಿ ಇಸ್ತ್ರಿ ಮಾಡಿದ ಮಾತನ್ನೇ ಆಡಬೇಕಾಗುತ್ತದೆ.

ಹಾಗಾದರೆ ಅಳಿಸಿಬಿಡೋಣವೇ? ಒಂದು ರಾತ್ರಿ ಕಡತವನ್ನು ಆರಿಸಿ ಡಿಲೀಟ್ ಗುಂಡಿಯ ಮೇಲೆ ಬೆರಳಿಟ್ಟೆ. ಅವ್ವನ ಪ್ರಶ್ನೆ ನೆನಪಾಯಿತು. ನಾ ಯಾವಾಗ ಕೇಳಬೇಕಿತ್ತು?

ಗಾಯಕರ ‘ಬೇಡ’ದ ಹಿಂದೆ ಒಂದು ಗ್ರಹಿಕೆ ಇತ್ತು: ಇಲ್ಲಿರುವವರೆಲ್ಲ ಈಗ ಕೇಳುತ್ತಿದ್ದಾರೆ, ಇನ್ನೊಮ್ಮೆ ಕೇಳುವ ಅಗತ್ಯವೇನು ಎಂದು. ಆದರೆ ಆ ಮನೆಯಲ್ಲಿ ಕೇಳುವುದು ಸಾಧ್ಯವಿಲ್ಲದವಳು ಒಬ್ಬಳಿದ್ದಳು. ಅವಳ ಚಹಾ ಕುಡಿದೇ ಬೈಠಕು ನಡೆಯಿತು. ಅವಳ ಪಾಲಿಗೆ ಆ ಟೇಪು ಎರಡನೆಯ ಪ್ರತಿಯಲ್ಲ, ಇದ್ದದ್ದೇ ಅದೊಂದು. ಆಕೆ ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ, ಆಕೆಯೂ ಹಾಗೆ ಹೇಳಿಲ್ಲ. ಬೇಡವೆಂದವರ ಮಾತು ಮತ್ತು ಕೂರಲು ಜಾಗ ಸಿಗದವಳ ಪಾಲು, ಇವೆರಡರ ನಡುವಿನ ವ್ಯಾಜ್ಯದಲ್ಲಿ ನಾಲ್ಕು ವರ್ಷದ ನಾನು ಅಂದು ಯಾರದೋ ತೊಡೆಯ ಮೇಲೆ ನಿದ್ದೆ ಹೊಡೆಯುತ್ತಿದ್ದೆನಂತೆ. ಇಂದು ಎದ್ದು ಒಂದು ಗುಂಡಿ ಒತ್ತಿ ತೀರ್ಪು ಕೊಡಲು ನಾನ್ಯಾರು?

ಆಗ ಹೊಳೆದದ್ದೇ ಅಪ್ಪನ ವಹಿ. ಅಪ್ಪ ಅಳಿಸಲಿಲ್ಲ. ಹಂಚಲೂ ಇಲ್ಲ. ಸುಮ್ಮನೆ ಇಟ್ಟುಕೊಂಡರು, ಮೂವತ್ತಮೂರು ವರ್ಷ. ನಾನು ಇಷ್ಟು ದಿನ ‘ಇಟ್ಟುಕೊಳ್ಳುವುದು’ ಮತ್ತು ‘ಹಂಚುವುದು’ ಇವೆರಡನ್ನೂ ಒಂದೇ ಕೆಲಸವೆಂದು ತಿಳಿದಿದ್ದೆ, ಏಕೆಂದರೆ ನನ್ನ ಸರ್ವರಿನಲ್ಲಿ ಅವೆರಡೂ ಒಂದೇ.

ಕ್ಯಾಸೆಟ್ಟಿನ ಕಾಲದಲ್ಲಿ ಅವು ಬೇರೆ ಬೇರೆಯಾಗಿದ್ದವು. ಒಂದು ಪ್ರತಿ ಮಾಡಬೇಕೆಂದರೆ ಎರಡು ಡೆಕ್ಕು ಬೇಕು, ಒಂದು ಖಾಲಿ ಕ್ಯಾಸೆಟ್ಟಿನ ದುಡ್ಡು ಬೇಕು, ಒಂದೂವರೆ ಗಂಟೆ ಬೇಕು. ಪ್ರತಿಯ ಪ್ರತಿ ಮಾಡಿದಷ್ಟೂ ‘ಸುಸ್ಸ್’ ಎಂಬ ಸದ್ದು ಹೆಚ್ಚಿ ದನಿ ಮಸುಕಾಗುತ್ತಿತ್ತು. ಆ ತೊಂದರೆಯೇ ಒಂದು ವಿವೇಕದ ಕೆಲಸ ಮಾಡುತ್ತಿತ್ತು. ಯಾರಿಗೆ, ಯಾಕೆ ಎಂದು ಯೋಚಿಸಲು ಒಂದೂವರೆ ಗಂಟೆಯಾದರೂ ಸಮಯವಿತ್ತು. ಈಗ ಕಡತವನ್ನು ಒಂದು ಫೋಲ್ಡರಿಗೆ ಎಳೆದು ಹಾಕಿದರೆ ರಾತ್ರಿ ಸರ್ವರು ತಾನಾಗಿ ಅದನ್ನು ಗುರುತಿಸುತ್ತದೆ, ಬೆಳಗಾಗುವಷ್ಟರಲ್ಲಿ ಹದಿನಾಲ್ಕು ಫೋನುಗಳಲ್ಲಿ ‘ಹೊಸದಾಗಿ ಸೇರಿದ್ದು’ ಎಂದು ಕಾಣಿಸುತ್ತದೆ. ಅದರಲ್ಲಿ ಒಬ್ಬರು ಮುಂದಕ್ಕೆ ಕಳಿಸಿದರೆ ಮುಗಿಯಿತು, ಲೋಕಕ್ಕೇ ಹೋಯಿತು. ಎಲ್ಲೂ ದನಿ ಮಸುಕಾಗುವುದಿಲ್ಲ. ಹಿಂದೆ ಯಂತ್ರದ ಮಿತಿಯೇ ಮಾಡುತ್ತಿದ್ದ ಕೆಲಸವನ್ನು ಈಗ ನಾವೇ ಮಾಡಬೇಕು. ನಾವು ಅದಕ್ಕೆ ತಯಾರಾಗಿಲ್ಲ. ನಾನಂತೂ ಆಗಿರಲಿಲ್ಲ.

ಕಡತಕ್ಕೆ ವಿವರ ತುಂಬುವಾಗ ಇದು ಇನ್ನೂ ಸ್ಪಷ್ಟವಾಯಿತು. ಹಾಡುಗಾರರ ಹೆಸರು, ಆಲ್ಬಂ, ವರ್ಷ, ಪ್ರಕಾರ, ಎಲ್ಲಕ್ಕೂ ಒಂದೊಂದು ಜಾಗವಿದೆ. ‘ಒಪ್ಪಿದ್ದರೇ?’ ಎಂಬುದಕ್ಕೆ ಜಾಗ ಕಾಣಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆ ಅಚ್ಚುಹಾಕುವ ಜರ್ಮನಿಯ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಲಿ ಎಂಬುದು ಅದರ ವ್ಯಾವಹಾರಿಕ ಕಾರಣ ಎನ್ನುತ್ತಾರೆ. ಕೊನೆಯ ದಿನಗಳಲ್ಲಿ ಮೈಸೂರು ಅರಸರ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲೇ ತೀರಿಕೊಂಡ ಆ ಹೆಣ್ಣುಮಗಳ ಘೋಷಣೆ ನನಗೆ ಈಗ ಬೇರೆಯಾಗಿ ಕೇಳಿಸುತ್ತದೆ. ಹಾಡಿದ್ದು ನಾನು, ಗೊತ್ತಿದ್ದೇ ಹಾಡಿದೆ, ಇದು ನನ್ನ ರುಜು ಎಂದಂತೆ. ನಮ್ಮ 87ನೇ ಕ್ಯಾಸೆಟ್ಟಿನಲ್ಲೂ ಹಾಡಿದವರ ಮಾತಿದೆ. ಅದು ‘ಬ್ಯಾಡ್ರಿ’ ಎಂಬುದು. ಶಬ್ದಶುದ್ಧಿಯ ನೆಪದಲ್ಲಿ ಆ ಮೊದಲ ಎರಡು ನಿಮಿಷವನ್ನು ಕತ್ತರಿಸಿದರೆ ಮುಂದೆ ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಅದನ್ನು ಹಾಗೇ ಇಟ್ಟಿದ್ದೇನೆ. ಆ ಕಡತದಲ್ಲಿ ಹಿಸ್ಸನ್ನೂ ತೆಗೆದಿಲ್ಲ, ಲೋಟಗಳ ಸದ್ದನ್ನೂ ತೆಗೆದಿಲ್ಲ.

ಜೆಲ್ಲಿಫಿನ್‌ನಲ್ಲಿ ಒಬ್ಬೊಬ್ಬ ಬಳಕೆದಾರರಿಗೂ ಯಾವ ಯಾವ ಸಂಗ್ರಹ ಕಾಣಬೇಕು ಎಂದು ಬೇರೆ ಬೇರೆಯಾಗಿ ಗೊತ್ತುಮಾಡಬಹುದು. ‘ಎಲ್ಲ ಸಂಗ್ರಹಗಳಿಗೂ ಪ್ರವೇಶ’ ಎಂಬ ಟಿಕ್ಕನ್ನು ಹದಿನಾಲ್ಕೂ ಜನರಿಗೆ ತೆಗೆದೆ. ‘ಮನೆ’ ಎಂಬ ಹೆಸರಿನ ಒಂದು ಪುಟ್ಟ ಸಂಗ್ರಹ ಮಾಡಿ, ಅದರಲ್ಲಿ ಆ ಒಂದೇ ಕಡತವನ್ನಿಟ್ಟು, ಅವ್ವನ ಹೆಸರಿಗೆ ಮಾತ್ರ ತೆರೆದೆ. ಡೌನ್‌ಲೋಡ್ ಆಗದಂತೆ ಮಾಡಿದೆ. ಎರಡು ಕಡೆ ಇಡುವ ಬ್ಯಾಕಪ್ಪಿನ ಪಟ್ಟಿಯಿಂದಲೂ ಅದನ್ನು ಹೊರಗಿಟ್ಟೆ. ಬ್ಯಾಕಪ್ ಇಲ್ಲದ ಒಂದು ಕಡತ ನನ್ನ ಮನೆಯಲ್ಲಿದೆ ಎಂದರೆ ಆಫೀಸಿನವರು ನಂಬಲಿಕ್ಕಿಲ್ಲ. ಇದು ಪರಿಹಾರವಲ್ಲ, ಅಪ್ಪ ಮಾಡಿದ್ದನ್ನೇ ಮುಂದುವರಿಸಿದ್ದೇನೆ ಅಷ್ಟೇ. ಸರ್ವರಿನ ಒಡೆಯನಾದ್ದರಿಂದ ನನಗೂ ಅದು ತೆರೆದೇ ಇರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮೂರು ಸಲ ಪೂರ್ತಿ ಕೇಳಿದ್ದೇನೆ. ನಾಲ್ಕನೆಯ ಸಲ ಕೇಳಿಲ್ಲ.

ಆಮೇಲೆ ಮಾಡಿದ ಕೆಲಸ, ಮೊದಲೇ ಮಾಡಬೇಕಿದ್ದದ್ದು. ಗಾಯಕರ ಮಗಳು ಕರ್ನಾಟಕದ ಒಂದು ಊರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾರೆ. ನಂಬರು ಹುಡುಕಿ ಫೋನು ಮಾಡಿದೆ. ಎಲ್ಲ ಹೇಳಿದೆ, ಅವ್ವ ಗುಂಡಿ ಒತ್ತಿದ್ದನ್ನೂ ಸೇರಿಸಿ. ತಂದೆಯ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರ ಮಗಳಿಗೂ ಇಲ್ಲವೇನೋ. ಆದರೆ ಕೇಳಬೇಕಾದವರು ಈಗ ಉಳಿದಿರುವುದು ಅವರೊಬ್ಬರೇ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಬಯ್ಯುತ್ತಾರೆಂದು ಕಾದೆ.

“ಯಾವ ರಾಗ ಅಂದ್ರಿ?”

ಹೇಳಿದೆ.

“ಅದನ್ನ ಅಪ್ಪಾಜಿ ಕಚೇರಿಯಾಗ ಒಮ್ಮೆನೂ ಹಾಡಲಿಲ್ಲ. ಮನಿಯಾಗ ಗುಣುಗುಡತಿದ್ರು, ನಾವು ಹತ್ತಿರ ಬಂದ್ರ ನಿಲ್ಲಸತಿದ್ರು.” ಮತ್ತೆ ಮೌನ. “ಸಿಕ್ಕಿತೇನ್ರಿ ಅವರಿಗೆ?”

“ಸಿಕ್ಕಿತ್ರಿ. ಮುಕ್ಕಾಲು ತಾಸಿನ ಮ್ಯಾಲೆ.”

ಕಳಿಸಲೇ ಎಂದು ಕೇಳಿದೆ. ಬೇಡವೆಂದರು. “ಫೋನಿನಾಗ ಕೇಳೂದಲ್ಲ ಅದು. ದಸರಾ ಆದ ಮ್ಯಾಲೆ ಪುಣೆಕ್ಕ ಬರೂದೈತಿ. ನಿಮ್ಮ ಮನಿಗೆ ಬರ್ತೀನ್ರಿ. ನಿಮ್ಮ ತಾಯಾರ ಕೂಡ ಕೂತು ಕೇಳ್ತೀನಿ. ಆಮ್ಯಾಲೆ ಏನ್ ಮಾಡೂದು ನೋಡೂಣು.”

ಅವ್ವನಿಗೆ ಹೇಳಿದೆ. ಆಕೆ ಮೊದಲು ಹೆದರಿದಳು. ಏನಂದಾರು, ನಾ ಹೆಂಗ ಮಾರಿ ತೋರಿಸಲಿ ಎಂದಳು. ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಬೆಳಿಗ್ಗೆ ನನ್ನ ಕೋಣೆಗೆ ಬಂದು, ಆ ದಿನ ರಜೆ ಹಾಕು ಅಂದಳು. ಯಾಕೆಂದೆ.

“ಅವರು ಬಂದಾಗ ಚಹಾ ನೀ ಮಾಡು. ನಾ ಹೊರಗ ಕೂಡಾಕಿ.”